ಕೆಂಪು ಎಲೆ, ಹಸಿರು ಹಣ್ಣು

ನವೆಂಬರ್ 24

ಅಕ್ಕಾ,

ಫೋನು ಮಾಡಿದರೆ ನೀನು ಗದರಿಸುತ್ತೀಯ. ಕಾಗದದಲ್ಲಿ ನಿನ್ನ ದನಿ ಅಷ್ಟು ಏರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕೆಲಸ ಆಗಬೇಕು. ವರ್ಷದ ಕೊನೆಯ ರಜೆ ಶುರುವಾಗುವ ಮುಂಚೆ ಮಗಳ, ಅದೇ ನಮ್ಮ ಪಟಾಕಿಯ, ಶಾಲೆಯಲ್ಲಿ ಎಲ್ಲ ಮಕ್ಕಳೂ ಮನೆಯಲ್ಲಿ ಮಾಡಿದ ತಿಂಡಿ ತರಬೇಕಂತೆ. ಪ್ರತಿವರ್ಷ ಅವಳ ಅಮ್ಮ ಬಣ್ಣಬಣ್ಣದ ಬಿಸ್ಕತ್ತು ಮಾಡಿ ಕಳಿಸುತ್ತಿದ್ದಳು. ಹೋದ ವರ್ಷ ಸಾವಿನ ಮನೆ ಅಂತ ಯಾರೂ ಕೇಳಲಿಲ್ಲ. ಈ ವರ್ಷ ಮಗಳು ತಾನೇ ಮುಂದಾಗಿ ಟೀಚರಿಗೆ ಹೇಳಿ ಬಂದಿದ್ದಾಳೆ: "ನಮ್ಮಪ್ಪ ಮಾಡ್ತಾರೆ, ನಾಲ್ಕು ಬಣ್ಣದ್ದು." ನನ್ನನ್ನು ಒಂದು ಮಾತು ಕೇಳಿದ್ದರೆ ತಾನೇ!

ಲಾಂಚಿನ ಎಂಜಿನ್ ಬಿಚ್ಚಿ ಜೋಡಿಸು ಅಂದರೆ ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಹಿಟ್ಟು ಕಲೆಸು ಅಂದರೆ ಕೈಕಾಲು ಆಡುವುದಿಲ್ಲ. ಓವನ್ನು ಇನ್ನೂ ಇದೆ, ಅವಳು ಹೋದಾಗಿನಿಂದ ಯಾರೂ ಹಚ್ಚಿಲ್ಲ. ನನ್ನಂಥ ದಡ್ಡನಿಗೂ ಬರುವಂಥ ಸುಲಭದ ದಾರಿ ಏನಾದರೂ ಇದ್ದರೆ ಬರೆದು ಕಳಿಸು.

ಎದೆ ಈಗ ಪರವಾಗಿಲ್ಲ, ಕೆಮ್ಮು ನಿಂತಿದೆ. ಮಾತ್ರೆ ಮಾತ್ರ ಇನ್ನೂ ನಾಲ್ಕು ತಿಂಗಳು ನುಂಗಬೇಕು.

ನಿನ್ನ ತಮ್ಮ


ನವೆಂಬರ್ 29

ತಮ್ಮಾ,

ಗದರಿಸುವುದಕ್ಕೆ ದನಿ ಬೇಕಿಲ್ಲ, ಅಕ್ಷರ ದಪ್ಪ ಮಾಡಿದರೆ ಸಾಕು. ಆದರೆ ಈ ಸಲ ಗದರಿಸುವುದಿಲ್ಲ. ನೀನು ಆ ಓವನ್ನು ಹಚ್ಚುತ್ತೀಯ ಅಂತ ಓದಿ ನನಗೆ ಅಳು ಬಂತು, ಅಷ್ಟೇ ಹೇಳುತ್ತೇನೆ.

ಲೆಕ್ಕ ಸುಲಭ. ಒಂದು, ಎರಡು, ಮೂರು. ಸಕ್ಕರೆಪುಡಿ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು, ಎಲ್ಲ ತೂಕದಲ್ಲಿ. ಚಿಟಿಕೆ ಉಪ್ಪು. ಬೆಣ್ಣೆಯನ್ನೂ ಸಕ್ಕರೆಯನ್ನೂ ಮೊದಲು ಚೆನ್ನಾಗಿ ತಿಕ್ಕು, ಬೆಳ್ಳಗಾಗಬೇಕು. ಆಮೇಲೆ ಮೈದಾ. ನಾದಬೇಡ. ಇದು ಹಗ್ಗ ಹೊಸೆಯುವ ಕೆಲಸವಲ್ಲ, ಉಂಡೆಯಾದರೆ ಸಾಕು. ನಾಲ್ಕು ಉಂಡೆ ಮಾಡಿ ಒಂದೊಂದಕ್ಕೂ ಏಳೆಂಟು ಹನಿ ಬಣ್ಣ ಸೇರಿಸು. ಲಟ್ಟಿಸಿ, ಕತ್ತರಿಸಿ, ಹನ್ನೆರಡು ನಿಮಿಷ ಬೇಯಿಸು. ಅಂಚು ಕಂದಾಗುವ ಮುಂಚೆ ತೆಗೆ, ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ. ಬಿಸಿಯಲ್ಲಿ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡ.

ನಾಲ್ಕು ಪುಟ್ಟ ಶೀಶೆ ಕಳಿಸಿದ್ದೇನೆ: ಕೆಂಪು, ಹಸಿರು, ಹಳದಿ, ನೀಲಿ. ಹೆದರಬೇಡ, ನಮ್ಮ ಬಟ್ಟೆ ಗಿರಣಿಯಿಂದ ಕದ್ದ ಬಣ್ಣವಲ್ಲ, ತಿನ್ನುವ ಬಣ್ಣವೇ. ಹಸಿರಿನಲ್ಲಿ ಎಲೆ ಮಾಡು, ಕೆಂಪಿನಲ್ಲಿ ಹಣ್ಣು, ಹಳದಿಯಲ್ಲಿ ನಕ್ಷತ್ರ. ನೀಲಿಯಲ್ಲಿ ದೋಣಿ ಮಾಡಿದರೆ ಪಟಾಕಿ ಕುಣಿಯುತ್ತಾಳೆ.

ಇಲ್ಲಿ ಒಂದು ಗುಲಾಬಿ ಬಣ್ಣಕ್ಕಾಗಿ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಬಟ್ಟೆ ಕೊಳ್ಳುವವರು ಕಳಿಸಿದ ತುಂಡಿಗೂ ನಮ್ಮ ತುಂಡಿಗೂ ಕೂದಲೆಳೆಯ ವ್ಯತ್ಯಾಸ, ಮೇಲ್ವಿಚಾರಕರಿಗೆ ಅದು ಕಾಣುವುದೇ ಇಲ್ಲ. "ನಿಮ್ಮ ಕಣ್ಣಿಗೆ ವಿಮೆ ಮಾಡಿಸ್ಬೇಕು ಮೇಡಂ" ಅನ್ನುತ್ತಾರೆ.

ಅಕ್ಕ


ಡಿಸೆಂಬರ್ 7

ಅಕ್ಕಾ,

ಗೆದ್ದೆ! ಎಪ್ಪತ್ತೆರಡು ಬಿಸ್ಕತ್ತು. ಮುರಿದದ್ದು ಒಂಬತ್ತು, ಅವನ್ನೂ ನಾನೇ ತಿಂದೆ.

ಮಗಳಿಗೆ ಗೊತ್ತಾಗದಂತೆ ಮಾಡಬೇಕು ಅಂತ ಅವಳು ಶಾಲೆಗೆ ಹೋದ ಮೇಲೆ ಕೂತೆ. ದಾರಿಯಲ್ಲಿ ಒಂದು ಶೀಶೆ ಸೋರಿ ನೀನು ಅಂಟಿಸಿದ್ದ ಚೀಟಿಗಳೆಲ್ಲ ಅಳಿಸಿಹೋಗಿದ್ದವು. ಅದಕ್ಕೇ ಕಣ್ಣಿಂದಲೇ ನೋಡಿ ಹಾಕಿದೆ. ಮಧ್ಯಾಹ್ನ ಬಂದವಳು ತಟ್ಟೆ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ! ಎಲೆ ಕೆಂಪು, ಹಣ್ಣು ಹಸಿರು! ಯಾವ ಊರಿನ ಮರ ಇದು?" ಬೇಕು ಅಂತಲೇ ಮಾಡಿದ್ದು ಕಣೇ, ಇದು ತಮಾಷೆ ಮರ ಅಂದೆ. ಶಾಲೆಯಲ್ಲಿ ಆ ತಮಾಷೆ ಮರವೇ ಮೊದಲು ಖಾಲಿಯಾಯಿತಂತೆ.

ಅವಳ ರಜೆ ಶುರುವಾಗಲು ಇನ್ನೂ ವಾರ ಇದೆ, ಆದರೂ ಸಂಜೆ ಆರರ ಕೊನೆಯ ಸುತ್ತಿಗೆ ನನ್ನ ಜೊತೆಯೇ ಬರುತ್ತಾಳೆ. ಮನೆಯಲ್ಲಿ ಒಬ್ಬಳೇ ಇರಲು ಬೇಸರವಂತೆ. ಚುಕ್ಕಾಣಿಯ ಪಕ್ಕ ಒಂದು ಸ್ಟೂಲು ಹಾಕಿಕೊಟ್ಟಿದ್ದೇನೆ.

ಹೋದ ವಾರ ಲಾಂಚು ಮರಳುದಿಬ್ಬಕ್ಕೆ ಸ್ವಲ್ಪ ತಾಗಿತು. ಏನೂ ಆಗಲಿಲ್ಲ. ಮಂಜು ಇತ್ತು.

ತಮ್ಮ


ಡಿಸೆಂಬರ್ 10

ತಮ್ಮಾ,

ನಿನ್ನ ತಮಾಷೆ ಮರದ ಕತೆ ಓದಿ ಮೊದಲು ನಕ್ಕೆ. ಆಮೇಲೆ ಯಾಕೋ ಇನ್ನೊಮ್ಮೆ ಓದಿದೆ. ಅಡುಗೆಮನೆಯ ದೀಪ ಹಳೆಯದಿರಬೇಕು ಅಂದುಕೊಂಡೆ. ಹಳದಿ ದೀಪದ ಕೆಳಗೆ ನಾನೂ ಎಷ್ಟೋ ಸಲ ಏಮಾರಿದ್ದೇನೆ. ಆದರೆ ನೀನು ಮಾಡಿದ್ದು ಹಗಲಿನಲ್ಲಿ. ನಿನ್ನ ಅಡುಗೆಮನೆಯ ಕಿಟಕಿ ನನಗೆ ಗೊತ್ತು, ಅಲ್ಲಿ ಬೇಡವೆಂದರೂ ಬೆಳಕು ಬೀಳುತ್ತದೆ.

ಹುಟ್ಟಿನಿಂದ ಬಂದ ದೋಷವಲ್ಲ ಅದು. ಚಿಕ್ಕವರಿದ್ದಾಗ ಬೇಲಿಯ ಕಾಯಿಗಳ ನಡುವೆ ಹಣ್ಣಾದದ್ದನ್ನು ನನಗಿಂತ ಮೊದಲು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದವನು ನೀನು.

ಬೇಸಿಗೆಯಲ್ಲಿ ಎದೆಯ ಆಸ್ಪತ್ರೆಗೆ ನಿನ್ನ ಜೊತೆ ಬಂದವಳು ನಾನೇ. ಡಾಕ್ಟರಮ್ಮ ಮಾತ್ರೆ ಬರೆದುಕೊಡುತ್ತಾ ಏನು ಹೇಳಿದರು, ನೆನಪಿದೆಯಾ? "ಇದ್ರಲ್ಲಿ ಒಂದು ಮಾತ್ರೆ ಕೆಲವ್ರಿಗೆ ಕಣ್ಣಿಗೆ ತೊಂದ್ರೆ ಕೊಡತ್ತೆ. ಬಣ್ಣದಲ್ಲಿ ವ್ಯತ್ಯಾಸ ಕಂಡ್ರೆ ಅವತ್ತೇ ಬನ್ನಿ, ತಡ ಮಾಡ್ಬೇಡಿ." ನೀನು ಆಗ ಕಿಟಕಿಯಾಚೆ ನೋಡುತ್ತಿದ್ದೆ.

ಹಗಲಿನಲ್ಲಿ ನಿನಗೆ ತೊಂದರೆಯಿಲ್ಲ, ಲಾಂಚಿಗೆ ದಾರಿ ತೋರಿಸುವ ತೇಲುಬುರುಡೆಗಳು ಆಕಾರದಲ್ಲೇ ಬೇರೆಬೇರೆ ಅಂತ ನೀನೇ ತೋರಿಸಿದ್ದೆ. ಕತ್ತಲಾದ ಮೇಲೆ ಕೆಂಪು ದೀಪ, ಹಸಿರು ದೀಪ, ಅವೆರಡರ ನಡುವೆ ದಾರಿ. ಆರು ಗಂಟೆಗೆ ಈಗ ಕತ್ತಲಾಗಿರುತ್ತದೆ ಅಲ್ಲವಾ?

ಹೀಗೆ ಮಾಡು. ಇನ್ನೊಂದು ಸಲ ಹಿಟ್ಟು ಕಲೆಸು. ಹನ್ನೆರಡು ಬಿಸ್ಕತ್ತು, ಎಲ್ಲವೂ ದುಂಡಗೆ. ಕೆಂಪು ಮೂರು, ಹಸಿರು ಮೂರು, ಹಳದಿ ಮೂರು, ನೀಲಿ ಮೂರು, ಇದೇ ಸಾಲಿನಲ್ಲಿ ಡಬ್ಬದಲ್ಲಿಟ್ಟು ಕಳಿಸು. ಶೀಶೆಗೆ ಚೀಟಿ ಅಂಟಿಸಬೇಡ. ಅಕ್ಕನಿಗೆ ಬಿಸ್ಕತ್ತು ತಿನ್ನುವ ಆಸೆ ಅಂದುಕೋ.

ಅಕ್ಕ


ಡಿಸೆಂಬರ್ 15

ಅಕ್ಕಾ,

ಪರೀಕ್ಷೆ ಬರೆಯಲು ನಾನೇನು ಎರಡನೇ ಕ್ಲಾಸಾ? ಆದರೂ ಇಗೋ, ಹನ್ನೆರಡು, ನೀನು ಹೇಳಿದ ಸಾಲಿನಲ್ಲೇ. ತಪ್ಪು ಹುಡುಕು, ಸಿಕ್ಕಿದರೆ ಹೇಳು.

ಹಗ್ಗ ಕಂಡು ಹಾವು ಅನ್ನುವುದು ನಿನ್ನ ಹಳೆಯ ಚಾಳಿ. ಹದಿನಾರು ವರ್ಷ ಈ ಅಳಿವೆಯಲ್ಲಿ ಲಾಂಚು ಓಡಿಸಿದ್ದೇನೆ. ಈ ನೀರು ನನಗೆ ಅಂಗೈಯ ಗೆರೆಯಷ್ಟು ಗೊತ್ತು. ಗಿರಣಿಯಲ್ಲಿ ದಿನವಿಡೀ ಬಣ್ಣ ನೋಡಿ ನೋಡಿ ನಿನಗೆ ಕಂಡವರ ಕಣ್ಣೆಲ್ಲ ಕೆಟ್ಟಿರುವಂತೆ ಕಾಣುತ್ತದೆ.

ಮಾತ್ರೆ ನಿಲ್ಲಿಸಿದರೆ ಎದೆ ಕೆಡುತ್ತದೆ, ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಇದನ್ನೂ ಸ್ವಲ್ಪ ಯೋಚನೆ ಮಾಡು. ಪಟಾಕಿಗೆ ನಾನೊಬ್ಬನೇ ಇರುವುದು.

ತಮ್ಮ


ಡಿಸೆಂಬರ್ 20

ತಮ್ಮಾ,

ಡಬ್ಬ ನಿನ್ನೆ ಬಂತು. ಹನ್ನೆರಡಕ್ಕೆ ಹನ್ನೆರಡೂ ಸರಿ! ಕೆಂಪು ಕೆಂಪಾಗಿದೆ, ಹಸಿರು ಹಸಿರಾಗಿದೆ. ನಾನೇ ಸುಮ್ಮನೆ ತಲೆ ಕೆಡಿಸಿಕೊಂಡೆ. ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತದೆ. ಪಕ್ಕದ ಮನೆಯವರಿಗೆ ಎರಡು ಕೊಟ್ಟೆ, ಉಳಿದದ್ದನ್ನು ನಾನೇ ತಿನ್ನುತ್ತಿದ್ದೇನೆ. ನಿನ್ನ ಕೈಯಲ್ಲಿ ಇಷ್ಟು ರುಚಿ ಇದೆ ಅಂತ ಯಾರಿಗೆ ಗೊತ್ತಿತ್ತು.

ಚಳಿ ಜಾಸ್ತಿಯಾಗಿದೆ. ಎದೆ ಬೆಚ್ಚಗಿಟ್ಟುಕೋ. ಇನ್ನೇನೂ ಇಲ್ಲ.

ಅಕ್ಕ


ಡಿಸೆಂಬರ್ 24

ತಮ್ಮಾ,

ಇವತ್ತು ಇಪ್ಪತ್ತನಾಲ್ಕು. ನಿನ್ನೆ ಡಬ್ಬ ತೊಳೆಯಲು ತೆಗೆದಾಗ ತಳದ ಕಾಗದದ ಕೆಳಗೆ ಒಂದು ಚೀಟಿ ಸಿಕ್ಕಿತು. ಇದ್ದದ್ದು ಇದ್ದಹಾಗೆ ಬರೆಯುತ್ತಿದ್ದೇನೆ:

"ಅತ್ತೆ, ಬಿಸ್ಕತ್ತು ಚೆನ್ನಾಗಿದ್ಯಾ? ಬಣ್ಣ ಎಲ್ಲಾ ನಾನೇ ಹೇಳ್ದೆ. ಯಾರ್ಗೂ ಹೇಳ್ಬೇಡ ಅಂದಿದಾರೆ ಅಪ್ಪ, ಆದ್ರೆ ನೀವು ಯಾರೋ ಅಲ್ವಲ್ಲ. ದೀಪದ ಆಟದಲ್ಲೂ ನಾನೇ ಹೇಳೋದು. ಸಂಜೆ ಲಾಂಚಲ್ಲಿ ಸ್ಟೂಲ್ ಮೇಲೆ ನಿಂತ್ಕೊಂಡು ಕೆಂಪು ಬಂತು, ಹಸಿರು ಬಂತು ಅಂತೀನಿ. ಒಂದ್ಸಲಾನೂ ತಪ್ಪಿಲ್ಲ ಗೊತ್ತಾ? ರಜಾ ಮುಗಿದ್ಮೇಲೆ ಹೋಂವರ್ಕ್ ಜಾಸ್ತಿ ಇರತ್ತೆ. ಆಗ ಅಪ್ಪಂಗೆ ಯಾರು ಹೇಳ್ತಾರೆ ಅತ್ತೆ?"

ಎಂಟು ವರ್ಷದ ಮಗು ಕಣೋ ಅದು. ಲಾಂಚಿನಲ್ಲಿ ಅರವತ್ತು ಜನ ಇರುತ್ತಾರೆ, ಅವರ ಜೀವವನ್ನೆಲ್ಲ ಅದರ ನಾಲಿಗೆಯ ಮೇಲೆ ಇಟ್ಟಿದ್ದೀಯ. ನಾಳೆ ಅದು ಆಕಳಿಸಿದರೆ? ಯಾವುದೋ ಹಕ್ಕಿ ನೋಡುತ್ತಾ ನಿಂತರೆ? ಏನಾದರೂ ಆಗಿಹೋದರೆ ಅದು ಬದುಕಿಡೀ ಏನಂದುಕೊಂಡು ಬದುಕಬೇಕು? ಅಪ್ಪ ಮುಳುಗಿಸಿದ ಅಂತ ಅಂದುಕೊಳ್ಳುವುದಿಲ್ಲ, ನಾನು ತಪ್ಪು ಹೇಳಿದೆ ಅಂತ ಅಂದುಕೊಳ್ಳುತ್ತದೆ.

ಈಗ ಅಕ್ಷರ ದಪ್ಪ ಮಾಡಿಯೇ ಬರೆಯುತ್ತಿದ್ದೇನೆ. ಇಪ್ಪತ್ತೇಳರ ಒಳಗೆ ನೀನೇ ಲಾಂಚು ಕಚೇರಿಗೆ ಹೋಗಿ ಹೇಳು. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಹೇಳಿದ ದಿನವೇ ನೀನಾಗಿ ಫೋನಿನಲ್ಲಿ ಒಂದು ಮಾತು ತಿಳಿಸು. ಫೋನು ಬರಲಿಲ್ಲವೆಂದರೆ ನಾನೇ ಅವರಿಗೆ ಬರೆಯುತ್ತೇನೆ.

ಅಕ್ಕ


ಡಿಸೆಂಬರ್ 27

ಅಕ್ಕಾ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ ಹರಿದು ಒಲೆಗೆ ಹಾಕಿದೆ. ಗಡುವು ಕೊಡಲು ಇವಳ್ಯಾರು ಅಂದುಕೊಂಡೆ. ಸಂಜೆಯ ಸುತ್ತಿಗೆ ಹೋಗಿಯೇ ತೀರುತ್ತೇನೆ ಅಂತ ಹಟ ಬಂತು.

ನಾಲ್ಕು ಗಂಟೆಗೆ ಪಟಾಕಿಗೆ ಜ್ವರ ಏರಿತು. ಮೈ ಕೆಂಡ. ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿ ಹೊರಟೆ. ಹೊರಡುವಾಗ ಅವಳು ಹಾಸಿಗೆಯಿಂದ ಎದ್ದು ಚಪ್ಪಲಿ ಹುಡುಕುತ್ತಿದ್ದಳು. "ನಾನ್ ಬರ್ದಿದ್ರೆ ಹೆಂಗಪ್ಪಾ" ಅಂತ ಅತ್ತಳು. ಹಿಡಿದು ಮಲಗಿಸಿ ಬಂದೆ.

ಎಂಜಿನ್ ಹಚ್ಚಿದೆ. ಅರವತ್ತನಾಲ್ಕು ಜನ. ಕಾರ್ಖಾನೆ ಬಿಟ್ಟು ಮನೆಗೆ ಹೋಗುವವರು, ಒಬ್ಬಳು ಬಾಣಂತಿ. ಅಳಿವೆಯ ಕಡೆ ನೋಡಿದೆ. ದೀಪಗಳು ಇದ್ದವು, ಅಕ್ಕಾ. ಏಳು ದೀಪ. ಎಲ್ಲವೂ ಒಂದೇ ಥರ, ಕೊಳೆ ನೀರಿನಲ್ಲಿ ಅದ್ದಿ ತೆಗೆದ ಹಾಗೆ. ನೀರು ಅಂಗೈಯ ಗೆರೆ ಅಂತ ನಿನಗೆ ಬರೆದಿದ್ದೆ. ಮಳೆಗಾಲದ ನಂತರ ಮರಳು ಸರಿದಿದೆ, ದೀಪಗಳನ್ನೂ ಸರಿಸಿದ್ದಾರೆ. ಹಳೆಯ ಗೆರೆ ಈಗ ಇಲ್ಲ. ಹತ್ತು ನಿಮಿಷ ಹಾಗೇ ಕೂತೆ. ಪಕ್ಕದ ಸ್ಟೂಲು ಖಾಲಿ ಇತ್ತು.

ಎಂಜಿನ್ ಆರಿಸಿ ಕೆಳಗೆ ಬಂದು ಹೇಳಿದೆ. "ಇವತ್ತು ಲಾಂಚು ಹೋಗಲ್ಲ. ನಂಗೆ ದೀಪದ ಬಣ್ಣ ಕಾಣ್ತಿಲ್ಲ."

ಒಬ್ಬ ನಕ್ಕ. ಒಬ್ಬ ಕುಡಿದಿದ್ದಾನೆ ಅಂದ. ಆ ಬಾಣಂತಿ ಮಾತ್ರ ಮಗುವನ್ನು ಎದೆಗೆ ಒತ್ತಿಕೊಂಡು ಕೇಳಿದಳು: "ಹಂಗಾದ್ರೆ ಇಷ್ಟು ದಿನ ಹೆಂಗೆ ಓಡಿಸ್ತಿದ್ರಿ?"

ಲಾಂಚನ್ನು ಕಂಬಕ್ಕೆ ಕಟ್ಟಿ ಮನೆಗೆ ಬಂದೆ.

ಕಚೇರಿಗೆ ಎರಡು ದಿನ ರಜೆ. ಮೂವತ್ತಕ್ಕೆ ತೆಗೆಯುತ್ತದೆ. ನಾನೇ ಹೋಗಿ ಬರೆದುಕೊಡುತ್ತೇನೆ. ತಾನಾಗಿ ಹೇಳಿದವನಿಗೆ ದಡದ ಮೇಲೆ ಏನಾದರೂ ಕೆಲಸ ಕೊಡುತ್ತಾರೆ, ಹಾಗೆ ಒಂದು ನಿಯಮವಿದೆ. ನೀನು ಬರೆಯಬೇಡ. ಫೋನಿನಲ್ಲಿ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ. ಕಾಗದವನ್ನು ಈಗಲೇ ಜೆಟ್ಟಿಯ ಅಂಚೆ ಡಬ್ಬಕ್ಕೆ ಹಾಕಿ ಬರುತ್ತೇನೆ.

ತಮ್ಮ


ಡಿಸೆಂಬರ್ 28 (ಎಕ್ಸ್‌ಪ್ರೆಸ್ ಅಂಚೆ)

ಲಾಂಚು ಕಚೇರಿಯ ವ್ಯವಸ್ಥಾಪಕರಿಗೆ,

ಮಾನ್ಯರೇ, ಸಂಜೆ ಆರರ ಲಾಂಚಿನ ಚಾಲಕ ನನ್ನ ಒಡಹುಟ್ಟಿದ ತಮ್ಮ. ಎದೆಯ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಯಿಂದ ಅವನಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯುತ್ತಿಲ್ಲ. ಇದನ್ನು ತಾನೇ ನಿಮಗೆ ತಿಳಿಸಲು ಇಪ್ಪತ್ತೇಳನೇ ತಾರೀಖಿನವರೆಗೆ ಗಡುವು ಕೊಟ್ಟಿದ್ದೆ. ಉತ್ತರ ಬಂದಿಲ್ಲ. ದಯವಿಟ್ಟು ಅವನ ಕಣ್ಣು ಪರೀಕ್ಷಿಸುವವರೆಗೆ ಅವನ ಕೈಗೆ ಲಾಂಚು ಕೊಡಬೇಡಿ. ಅವನು ಕೆಟ್ಟವನಲ್ಲ. ಹೆದರಿದ್ದಾನೆ.


ಜನವರಿ 3

ತಮ್ಮಾ,

ಇಪ್ಪತ್ತೇಳರ ನಿನ್ನ ಕಾಗದ ಇವತ್ತು ಬಂತು. ರಜೆಯಲ್ಲಿ ಜೆಟ್ಟಿಯ ಡಬ್ಬ ತೆಗೆದೇ ಇರಲಿಲ್ಲವಂತೆ. ಗಿರಣಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಕಚೇರಿಗೆ ಬರೆದ ನನ್ನ ಕಾಗದ ಅಷ್ಟರಲ್ಲಿ ಹೋಗಿ ಆರು ದಿನ ಆಗಿತ್ತು.

ಕಚೇರಿಗೆ ಫೋನು ಮಾಡಿದೆ, ನಿನ್ನ ವಿಷಯ ಹೇಳಲು ಆಗುವುದಿಲ್ಲ ಅಂದರು. ಮೊದಲು ಯಾರು ಹೇಳಿದರು? ನೀನಾ, ನನ್ನ ಕಾಗದವಾ? ಪಟಾಕಿಯ ಜ್ವರ ಇಳಿಯಿತಾ? ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಜನವರಿ 9

ಅಕ್ಕನವರಿಗೆ,

ಕೇಳಿದ್ದೀರಲ್ಲ, ಹೇಳುತ್ತೇನೆ. ಮೂವತ್ತರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಒಳಗೆ ಹೋದರೆ ಮೇಜಿನ ಮೇಲೆ ನಿಮ್ಮ ಕಾಗದ ಬಿಚ್ಚಿಟ್ಟಿತ್ತು, ರಜೆಯಲ್ಲೇ ಬಂದು ಕಾವಲುಗಾರನ ಕೈಯಿಂದ ವ್ಯವಸ್ಥಾಪಕರ ಮನೆ ಸೇರಿತ್ತಂತೆ. ವ್ಯವಸ್ಥಾಪಕರು ಗಡುವಿನ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: "ಇಪ್ಪತ್ತೇಳು ಅಂತ ಅಕ್ಕ ಹೇಳಿದ್ರು, ನೀವೂ ಇಪ್ಪತ್ತೇಳಕ್ಕೇ ಬಾಯಿ ಬಿಟ್ರಿ. ಇದನ್ನ ತಾನಾಗಿ ಹೇಳೋದು ಅಂತಾರಾ?"

ಜ್ವರದ ವಿಷಯ ಹೇಳಿದೆ. ಖಾಲಿ ಸ್ಟೂಲಿನ ವಿಷಯ ಹೇಳಿದೆ. ಅದರಿಂದ ಇನ್ನೂ ಕೆಟ್ಟಿತು, ಮಗುವನ್ನು ನಿಲ್ಲಿಸಿಕೊಂಡು ಓಡಿಸುತ್ತಿದ್ದದ್ದೂ ಹೊರಬಿತ್ತು. ಚಾಲಕನ ಪರವಾನಗಿ ಕಿತ್ತುಕೊಂಡರು. ದಡದ ಕೆಲಸವೂ ಇಲ್ಲ.

ಆ ಸಂಜೆ ಎಂಜಿನ್ ಆರಿಸಿದ್ದು ನಾನು. ನನ್ನ ಬದುಕಿನಲ್ಲಿ ಮಾಡಿದ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಅದನ್ನೂ ನೀವು ನಿಮ್ಮದು ಮಾಡಿಕೊಂಡಿರಿ.

ಜ್ವರ ಇಳಿದಿದೆ.


ಜನವರಿ 30

ತಮ್ಮಾ,

ಇದು ನಾಲ್ಕನೇ ಕಾಗದ, ಹಿಂದಿನ ಮೂರಕ್ಕೆ ಉತ್ತರವಿಲ್ಲ. "ಅಕ್ಕನವರಿಗೆ" ಅಂತ ಬರೆದಿದ್ದೆಯಲ್ಲ, ಅದೊಂದು ಪದ ಸಾಕಾಗಿತ್ತು, ಉಳಿದದ್ದನ್ನು ಬರೆಯದಿದ್ದರೂ ನಡೆಯುತ್ತಿತ್ತು.

ಇನ್ನೂ ಒಂದು ದಿನ ಕಾಯಬಹುದಿತ್ತು, ಕಾಯಲಿಲ್ಲ. ಆ ಒಂದು ದಿನದಲ್ಲಿ ಏನಾದರೂ ಆಗಿದ್ದರೆ ಅನ್ನುವ ಭಯಕ್ಕೆ ಬರೆದೆ. ಅದು ತಪ್ಪು ಅಂತ ಹೇಳಲು ನನಗೆ ಇವತ್ತಿಗೂ ಬಾಯಿ ಬರುತ್ತಿಲ್ಲ. ಸರಿ ಅಂತ ಹೇಳಲೂ ಬರುತ್ತಿಲ್ಲ. ಡಾಕ್ಟರಮ್ಮನ ಹತ್ತಿರ ಹೋದೆಯಾ ಇಲ್ಲವಾ, ಅಷ್ಟಾದರೂ ತಿಳಿಸು.

ಅಕ್ಕ


ಮಾರ್ಚ್ 21

ಅಕ್ಕಾ,

ಹೋದೆ. ಜನವರಿಯಲ್ಲೇ ಹೋದೆ. ಡಾಕ್ಟರಮ್ಮ ನಿನಗಿಂತ ಜೋರಾಗಿ ಗದರಿಸಿದರು. ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಕಣ್ಣು ಬರಬಹುದು, ಪೂರ್ತಿ ಬರದೆಯೂ ಇರಬಹುದು, ತಿಂಗಳುಗಟ್ಟಲೆ ಕಾಯಬೇಕು ಅಂದರು.

ದೋಣಿ ರಿಪೇರಿ ಮಾಡುವ ಅಂಗಳದಲ್ಲಿ ಕೆಲಸ ಸಿಕ್ಕಿದೆ. ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು. ಬಣ್ಣ ಬಳಿಯುವ ಕೆಲಸ ಮಾತ್ರ ನನಗೆ ಕೊಡಬೇಡಿ ಅಂತ ನಾನೇ ಮೊದಲ ದಿನ ಹೇಳಿದೆ. ಯಾಕೆ ಅಂತ ಕೇಳಿದರು, ಹೇಳಿದೆ. ಅಲ್ಲಿ ಹೇಳುವುದು ಅಷ್ಟು ಕಷ್ಟ ಆಗಲಿಲ್ಲ.

ಇದರ ಜೊತೆ ಒಂದು ಡಬ್ಬ ಇದೆ. ಹನ್ನೆರಡು ಬಿಸ್ಕತ್ತು. ಪಟಾಕಿಯನ್ನು ಗೆಳತಿಯ ಮನೆಗೆ ಕಳಿಸಿ ಮಾಡಿದೆ. ಒಂದೊಂದು ಬಿಸ್ಕತ್ತಿಗೂ ಶೀಶೆಗಳನ್ನು ಒಂದು ಚೀಲಕ್ಕೆ ಹಾಕಿ ಅಲ್ಲಾಡಿಸಿ, ಕೈಗೆ ಸಿಕ್ಕಿದ್ದನ್ನು ತೆಗೆದು ಸುರಿದೆ. ಪ್ರತಿ ಬಿಸ್ಕತ್ತಿನ ಬೆನ್ನಿಗೆ ಒಂದು ಚೂರು ಕಾಗದ ಅಂಟಿಸಿ, ನನ್ನ ಕಣ್ಣಿಗೆ ಅದು ಯಾವ ಬಣ್ಣವೋ ಅದನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಮಗಳನ್ನು ಕೇಳಿದರೆ ಎಲ್ಲ ಸರಿ ಅನ್ನುತ್ತಾಳೆ, ನನ್ನನ್ನು ಖುಷಿಪಡಿಸಲು. ಅವಳಿಗೆ ಆ ಅಭ್ಯಾಸ ಕಲಿಸಿದವನು ನಾನೇ. ನೀನು ದಾಕ್ಷಿಣ್ಯ ಮಾಡುವವಳಲ್ಲ. ನೋಡಿ ಹೇಳು.

ತಮ್ಮ


ಮಾರ್ಚ್ 26

ತಮ್ಮಾ,

ಡಬ್ಬವನ್ನು ಗಿರಣಿಗೆ ತೆಗೆದುಕೊಂಡು ಹೋಗಿ, ಬಣ್ಣ ನೋಡುವ ದೀಪದ ಕೆಳಗೆ ಒಂದೊಂದೇ ಇಟ್ಟು ನೋಡಿದೆ. ಮೇಲ್ವಿಚಾರಕರು "ಇದ್ಯಾವ ಹೊಸ ಬಟ್ಟೆ ಮೇಡಂ" ಅಂದರು. ತಮ್ಮನ ಕಣ್ಣು ಅಂದೆ.

ಹನ್ನೆರಡರಲ್ಲಿ ಏಳು ಸರಿ. ಐದು ತಪ್ಪು. ಹಳದಿ, ನೀಲಿ ಎಲ್ಲವೂ ಸರಿ. ಕೆಂಪು ಅಂತ ನೀನು ಬರೆದ ನಾಲ್ಕರಲ್ಲಿ ಮೂರು ಹಸಿರು. ಹಸಿರು ಅಂತ ಬರೆದ ಮೂರರಲ್ಲಿ ಎರಡು ಕೆಂಪು. ಇನ್ನೂ ಬಂದಿಲ್ಲ. ಒಂಬತ್ತು ಸರಿ ಅಂತ ಬರೆಯಲು ಕೈ ಎಷ್ಟು ತವಕಿಸಿತು ಅಂದರೆ, ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

ದಾಕ್ಷಿಣ್ಯ ಮಾಡುವವಳಲ್ಲ ಅಂತ ಬರೆದಿದ್ದೀಯ. ಅದನ್ನು ನಾನು ಹಾಗೇ ಇಟ್ಟುಕೊಳ್ಳಲು ಆಗುವುದಿಲ್ಲ. ಪಟಾಕಿಯ ಚೀಟಿ ನನಗೆ ಇಪ್ಪತ್ತಮೂರಕ್ಕೆ ಸಿಕ್ಕಿತು ಅಂತ ಬರೆದಿದ್ದೆ. ಸುಳ್ಳು. ಡಬ್ಬ ಬಂದ ಹತ್ತೊಂಬತ್ತರಂದೇ ಸಿಕ್ಕಿತ್ತು. ಓದಿದೆ, ಮಡಿಸಿ ಡ್ರಾಯರಿನಲ್ಲಿಟ್ಟೆ, ಮಾರನೆಯ ದಿನ ಕೂತು ಹನ್ನೆರಡಕ್ಕೆ ಹನ್ನೆರಡೂ ಸರಿ ಅಂತ ನಿನಗೆ ಬರೆದೆ. ನಿನ್ನ ಕೆಲಸ ಹೋಗುತ್ತದೆ, ನೀನು ನನ್ನ ಮುಖ ನೋಡುವುದಿಲ್ಲ ಅಂತ ಹೆದರಿದೆ. ಮಗು ತಮಾಷೆಗೆ ಬರೆದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ಐದು ದಿನ ಸುಮ್ಮನಿದ್ದೆ. ಆ ಐದು ಸಂಜೆ ಅವಳು ಸ್ಟೂಲಿನ ಮೇಲೆ ನಿಂತು ಬಣ್ಣ ಕೂಗಿದಳು. ನಾನು ಇಲ್ಲಿ ಕೂತು ಅವಳು ಆರಿಸಿಕೊಟ್ಟ ಬಿಸ್ಕತ್ತು ತಿಂದೆ. ಆ ಬಾಣಂತಿ ನಿನ್ನನ್ನು ಕೇಳಿದ ಪ್ರಶ್ನೆ ನನಗೂ ಸೇರಿದ್ದು.

ಮುಂದಿನ ತಿಂಗಳು ಮತ್ತೆ ಹನ್ನೆರಡು ಮಾಡಿ ಕಳಿಸು. ಎಷ್ಟು ಸರಿಯೋ ಅಷ್ಟೇ ಹೇಳುತ್ತೇನೆ. ಈ ಸಲದ ಬಿಸ್ಕತ್ತು ಎಲ್ಲ ಡಬ್ಬದಲ್ಲೇ ಇದೆ, ಒಂದನ್ನೂ ತಿಂದಿಲ್ಲ.

ಅಕ್ಕ